ಹೋಟೆಲ್ ಕ್ಯಾಲಿಫೋರ್ನಿಯಾ ನುಡ್ಸಿ ನುಡ್ಸಿ ಗಿಟಾರಿಸ್ಟ್‌ಗಳಿಗೆ ಬೇಜಾರಾಗಲ್ವಾ?

ಪಬ್ಬಲ್ಲಿ ಪ್ರತಿ ಸಲ ಯಾರಾದ್ರೂ ಒಬ್ರು ಅಮೆರಿಕದ ಈಗಲ್ಸ್ ಬ್ಯಾಂಡಿನ ಹಾಡು ಹೋಟೆಲ್ ಕ್ಯಾಲಿಫೋರ್ನಿಯಾ ಕೇಳೇ ಕೇಳ್ತಾರೆ, ನುಡಿಸೋರು ನಗ್ತಾನೇ ನುಡಿಸ್ತಾರೆ, ಒಳಗೊಳಗೆ ನಮ್ಮನ್ನ ಬೈಕೋತಿರ್ತಾರಾ ಅಂತ ನೀವು ಕೇಳಿದೀರ. ಹೂಂ, ಬೈಕೋತೀವಿ. ಸುಳ್ಳ್ಯಾಕೆ ಹೇಳ್ಲಿ. ಆದ್ರೆ ನೀವು ಅಂದ್ಕೊಂಡಿರೋ ಕಾರಣಕ್ಕಲ್ಲ.

ನಾನು ಬೆಂಗಳೂರಲ್ಲಿ 11 ವರ್ಷದಿಂದ ಬೇರೆಯವರ ಹಾಡು ನುಡಿಸೋ ಒಂದು ಕವರ್ ಬ್ಯಾಂಡಲ್ಲಿ ಲೀಡ್ ಗಿಟಾರ್ ನುಡಿಸ್ತೀನಿ, ವಾರವೆಲ್ಲ ಆಫೀಸು, ಶನಿವಾರ ಗಿಗ್ಗು. ಈ ಹಾಡು ಎಷ್ಟು ಸಲ ಆಗಿದೆ ಅಂತ ಲೆಕ್ಕ ಇಟ್ಟಿಲ್ಲ, ಇಟ್ಟಿದ್ರೆ ಯಾವತ್ತೋ ಗಿಟಾರ್ ಮಾರ್ಬಿಡ್ತಿದ್ದೆ. ನಾವಿನ್ನೂ ಟ್ಯೂನ್ ಮಾಡ್ಕೊತಿರ್ತೀವಿ, ಅಷ್ಟ್ರಲ್ಲಿ ಟಿಶ್ಯೂ ಪೇಪರ್ ಮೇಲೆ ಬರ್ದು ವೇಟರ್ ಕೈಲಿ ಕಳ್ಸಿರ್ತಾರೆ. ನಮ್ಮ ಡ್ರಮ್ಮರ್ ಅದನ್ನ ಬಿಡಿಸಿ ನೋಡೋದೂ ಇಲ್ಲ, ಹಂಗೇ ಜೇಬಿಗೆ ಹಾಕ್ಕೊಂಡು "ಗೊತ್ತಾಯ್ತು ಬಿಡು" ಅಂತಾನೆ.

ಬೇಜಾರಾಗೋದು ಮೊದಲ 4 ನಿಮಿಷ. ಹಾಡಿರೋದು ಆರೂವರೆ ನಿಮಿಷ, ಸೋಲೋ (ಹಾಡು ನಿಂತು ಗಿಟಾರ್ ಮುಂದೆ ಬರೋ ಭಾಗ) ಬರೋ ತನಕ ಅವೇ ಕಾರ್ಡ್‌ಗಳು, ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್, ಹಿಂಗೇ ಗಾಣದೆತ್ತಿನ ತರ ಸುತ್ತೋದು, ಕೋರಸ್ಸಲ್ಲಿ ಸ್ವಲ್ಪ ಅದಲು ಬದಲಾಗತ್ತೆ ಅಷ್ಟೇ. ಕೈ ತಾನಾಗೇ ಹೋಗ್ತಿರತ್ತೆ, ತಲೆ ಇನ್ನೆಲ್ಲೋ ಇರತ್ತೆ. ಒಂದ್ಸಲ ಎರಡನೇ ಚರಣ ಮುಗಿಯೋದ್ರೊಳಗೆ ಮನೆ ಲೋನಿನ ಇಎಂಐ ಪೂರ್ತಿ ಲೆಕ್ಕ ಹಾಕಿದ್ದೆ, ಆಮೇಲೆ ನೋಡಿದ್ರೆ ಲೆಕ್ಕ ಸರಿಯಾಗೇ ಬಂದಿತ್ತು.

ಅದರ ಜೊತೆ ಒಂದು ಹಳೇ ಸಿಟ್ಟೂ ಇದೆ. ಹಾಸ್ಟೆಲಲ್ಲಿ ಈ ಹಾಡು ಕಲಿಯೋವಾಗ ಎರಡನೇ ಫ್ರೆಟ್ಟಲ್ಲಿ (ಗಿಟಾರ್ ಕತ್ತಿನ ಎರಡನೇ ಮನೇಲಿ) ಒಂದೇ ಬೆರಳಲ್ಲಿ ಎಲ್ಲಾ ತಂತಿ ಒತ್ತೋ ಬಾರ್ ಕಾರ್ಡ್ ಹಿಡಿದೂ ಹಿಡಿದೂ ತೋರುಬೆರಳಿಗೆ ಗೆರೆ ಬಿದ್ದಿತ್ತು, ಬಿಸಿ ಟೀ ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು, ರೆಕಾರ್ಡಲ್ಲಿ ಆ ಇಂಟ್ರೋ 12 ತಂತಿಯ ಅಕೂಸ್ಟಿಕ್ ಗಿಟಾರಿನ 7ನೇ ಫ್ರೆಟ್ಟಿಗೆ ಕ್ಯಾಪೋ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ ಸುಲಭದ ಇ ಮೈನರ್ ಶೇಪಲ್ಲಿ ನುಡಿಸಿರೋದಂತೆ. ಈ ಟ್ಯೂನ್ ಕಟ್ಟಿದ ಈಗಲ್ಸ್ ಗಿಟಾರಿಸ್ಟ್ ಡಾನ್ ಫೆಲ್ಡರ್ ಮನೇಲಿ ಕೂತು ಡೆಮೋ ಮಾಡಿದ್ದೇ ಇ ಮೈನರಲ್ಲಿ, ಹಾಡೋ ಡಾನ್ ಹೆನ್ಲಿಗೆ ಆ ಶ್ರುತಿ ಎಟುಕಲಿಲ್ಲ ಅಂತ ಇಳಿಸ್ತಾ ಇಳಿಸ್ತಾ ಬಿ ಮೈನರಿಗೆ ಬಂದು ನಿಂತಿದ್ದು. ಆವಯ್ಯನ ಗಂಟಲು ಉಳಿಸೋಕೆ ನನ್ನ ಬೆರಳು ಹೋಯ್ತು.

ಇನ್ನು ಸೋಲೋ ವಿಷಯಕ್ಕೆ ಬರ್ತೀನಿ, ನಿಜವಾದ ಜಗಳ ಇರೋದು ಅಲ್ಲೇ. ಬೇರೆ ಯಾವ ಹಾಡಲ್ಲಾದ್ರೂ ಸೋಲೋ ಜಾಗದಲ್ಲಿ ನನ್ನದೇ ಏನೋ ಒಂದು ನುಡಿಸ್ಕೊಂಡು ಹೋದ್ರೆ ಯಾರೂ ಕೇಳಲ್ಲ, ಇದರಲ್ಲಿ ಒಂದು ಸ್ವರ ಆಚೆ ಈಚೆ ಆಗಂಗಿಲ್ಲ. ಒಂದು ಶನಿವಾರ ತಲೆ ಕೆಟ್ಟು, ಇವತ್ತು ಏನಾದ್ರಾಗ್ಲಿ ಅಂತ ಸ್ವಂತದ್ದು ನುಡಿಸಿದೆ, ಚೆನ್ನಾಗೇ ಬಂತು ಕಣ್ರೀ, ನಮ್ಮ ಬೇಸ್ ನುಡಿಸೋನು ತಿರುಗಿ ನೋಡಿ ನಕ್ಕ. ಮುಂದಿನ ಟೇಬಲ್ಲಲ್ಲಿ ಒಬ್ರು ಅಂಕಲ್ ಮಗ್ ಕೆಳಗಿಟ್ಟು, ಎದ್ದು ನಿಂತು, ನನ್ನನ್ನೇ ನೋಡ್ತಾ ಒರಿಜಿನಲ್ ಸೋಲೋನ ಬಾಯಲ್ಲಿ ಹಾಡೋಕೆ ಶುರು ಮಾಡಿದ್ರು. ಪಾಠ ಮರ್ತ ಹುಡುಗನಿಗೆ ಮೇಷ್ಟ್ರು ಎತ್ತಿಕೊಟ್ಟಂಗೆ. ನಾಲ್ಕು ಟೇಬಲ್ ಜೊತೆಗೂಡ್ತು. ನಾನು ಸುಮ್ನೆ ಬಾಲ ಮುದುರಿಕೊಂಡು ಅವರ ಹಿಂದೆ ಹೋದೆ.

ಆಮೇಲೆ ಯಾವಾಗ್ಲೋ ಫೆಲ್ಡರ್ ಹೇಳ್ಕೊಂಡಿರೋ ಒಂದು ಕತೆ ಗೊತ್ತಾಯ್ತು. 1976ರಲ್ಲಿ ಮಯಾಮಿಯ ಸ್ಟುಡಿಯೋದಲ್ಲಿ ಅವನೂ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಜೋ ವಾಲ್ಶೂ ಸೋಲೋಗೆ ಹೊಸದಾಗಿ ಏನೋ ನುಡಿಸೋಕೆ ಶುರು ಮಾಡಿದ್ರಂತೆ, ಹೆನ್ಲಿ ತಡೆದು, ಅದಲ್ಲ, ಡೆಮೋದಲ್ಲಿ ಇದ್ದಂಗೇ ಬೇಕು ಅಂದನಂತೆ. ಫೆಲ್ಡರಿಗೋ ಡೆಮೋದಲ್ಲಿ ಏನು ನುಡಿಸಿದ್ದೆ ಅನ್ನೋದೇ ನೆನಪಿಲ್ಲ, ಕ್ಯಾಸೆಟ್ಟು ದೇಶದ ಇನ್ನೊಂದು ತುದೀಲಿ ಮನೇಲಿದೆ. ಕೊನೆಗೆ ಮನೆಕೆಲಸದವಳಿಗೆ ಫೋನ್ ಮಾಡಿ, ಕ್ಯಾಸೆಟ್ ಹುಡುಕಿಸಿ, ಪ್ಲೇಯರ್ ಹತ್ರ ಫೋನ್ ಹಿಡಿಸಿ, ತಾನೇ ಕಟ್ಟಿದ್ದನ್ನ ತಾನೇ ಕೇಳಿ ಕಲ್ತು ನುಡಿಸಿದಾನೆ. ಕಟ್ಟಿದೋನಿಗೇ ಬಿಡ್ಲಿಲ್ಲ, ಇನ್ನು ಆ ಅಂಕಲ್ ನನಗೆ ಬಿಡ್ತಾರಾ? (ಆ ಫೆಲ್ಡರನ್ನೇ 2001ರಲ್ಲಿ ಬ್ಯಾಂಡಿಂದ ಕಿತ್ತುಹಾಕಿದ್ರು, ಕೇಸೂ ಆಯ್ತು, ಅದು ಬೇರೆ ಪುರಾಣ.) ಇದನ್ನ ಓದಿದ್ಮೇಲೆ ಯಾಕೋ ಸಿಟ್ಟು ಅರ್ಧ ಇಳೀತು, ಸೋಲೋನ ಬದಲಾಯಿಸೋಕೆ ಹೋಗೋದನ್ನೂ ಬಿಟ್ಟೆ.

ಇನ್ನರ್ಧ ಇಳಿದಿದ್ದು ಬ್ಯಾಂಡಿಗೆ ಎರಡನೇ ಗಿಟಾರಿಸ್ಟ್ ಬಂದ ಮೇಲೆ. ಮೊದಲ 6 ವರ್ಷ ನಾನೊಬ್ನೇ ಇದ್ದೆ. ಈ ಹಾಡಿನ ಸೋಲೋ ಇಬ್ಬರದ್ದು, ಫೆಲ್ಡರ್ ಒಂದು ಸಾಲು ವಾಲ್ಶ್ ಒಂದು ಸಾಲು ಅಂತ ಮಾತಾಡ್ಕೊಂಡು ಬಂದು, ಕೊನೆಗೆ ಇಬ್ಬರೂ ಕೈ ಕೈ ಹಿಡ್ಕೊಂಡು ಒಟ್ಟಿಗೆ ಇಳೀತಾರೆ. ಆ ಕೊನೇ ಭಾಗನ ಒಬ್ನೇ ನುಡಿಸಿದ್ರೆ ಸರಳೆ ವರಿಸೆ ಅಭ್ಯಾಸ ಮಾಡ್ದಂಗೆ ಕೇಳತ್ತೆ. ನುಡಿಸಿದ್ದನ್ನೇ ಹಿಡಿದು ಮತ್ತೆ ಮತ್ತೆ ಕೇಳಿಸೋ ಲೂಪರ್ ಪೆಡಲ್ ಇಟ್ಕೊಂಡು ಏನೋ ಮಾಡ್ತಿದ್ದೆ, ಡ್ರಮ್ಮರ್ ಒಂಚೂರು ಓಡಿದ್ರೂ ಲೂಪು ಒಂದು ದಾರಿ ನಾನೊಂದು ದಾರಿ. ಆ ಹುಡುಗ ಬಂದ ಮೊದಲ ದಿನ ಜ್ಯಾಮ್ ರೂಮಲ್ಲಿ ಇದನ್ನೇ ತಗೊಂಡ್ವಿ, ಎರಡು ಗಿಟಾರ್ ಸರಿಯಾಗಿ ಕೂತ್ಕೊಂಡ ಕ್ಷಣ ಕೈ ಮೇಲೆ ರೋಮ ಎದ್ದು ನಿಂತ್ವು. ಅಷ್ಟು ವರ್ಷ ನಾನು ಬೈತಿದ್ದಿದ್ದು ಅರ್ಧ ಹಾಡನ್ನ.

ಒಂದು ಸಲ ತುಮಕೂರಲ್ಲಿ ರಿಸೆಪ್ಷನ್‌ಗೆ ನುಡಿಸ್ತಿದ್ವಿ. ಅಲ್ಲೂ ಇದೇ ಹಾಡು, ಸ್ಟೇಜ್ ಮುಂದೆ ಇಂಗ್ಲಿಷ್ ಸಾಲು ಒಂದೂ ಬರದ ಹುಡುಗ್ರು ಗಿಟಾರನ್ನ ಬಾಯಲ್ಲಿ ಹಾಡ್ತಿದ್ರು. ಊಟಕ್ಕೆ ಕೂತಾಗ ಪಕ್ಕದಲ್ಲಿ ಓಲಗದೋರು, ಡೋಲು ಬಾರ್ಸೋರು ಕೇಳಿದ್ರು, "ಇದನ್ನ ಎಲ್ಲಾ ಕಡೆ ಬಾರಿಸ್ತೀರೇನಪ್ಪಾ?" ಹೂಂ ಅಣ್ಣ, ಎಲ್ಲಾ ಕಡೆ, ಸಾಕಾಗೋಗಿದೆ ಅಂದೆ. "ನಮ್ ಗಟ್ಟಿಮೇಳ ಇದ್ದಂಗೆ ಅನ್ನು" ಅಂತ ಹೇಳಿ ಪಾಯಸದವನನ್ನ ಕೂಗಿದ್ರು.

ತಮ್ಮದೇ ಹಾಡಿನ ಬೇಜಾರಿಗೆ ಪೂರ್ತಿ ಸೋತೋರೂ ಇದಾರೆ ಬಿಡಿ. ಸ್ಟೇರ್‌ವೇ ಟು ಹೆವನ್ ಹಾಡಿದ ರಾಬರ್ಟ್ ಪ್ಲಾಂಟ್, ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ ಒಂದು ರೇಡಿಯೋದೋರು ನಾವು ಆ ಹಾಡು ಹಾಕೋದೇ ಇಲ್ಲ ಅಂದಿದ್ದಕ್ಕೆ ಖುಷಿಯಾಗಿ ದುಡ್ಡು ಕೊಟ್ಟಿದಾನೆ. ನಾನು ಅಷ್ಟು ದೂರ ಹೋಗಿಲ್ಲ.

ಹಂಗಾಗಿ ಕೇಳಿ, ಸಂಕೋಚ ಬೇಡ. ಟ್ಯೂನ್ ಮಾಡೋವಾಗ ಮಾತ್ರ ಬೇಡ. ಈಗಲ್ಸ್ 1994ರಲ್ಲಿ ಲೈವ್ ನುಡಿಸಿದ ಅಕೂಸ್ಟಿಕ್ ಇಂಟ್ರೋ ಬೇಕಾ ಹಳೇದು ಬೇಕಾ ಅಂತ ನಿಮ್ಮ ಟೇಬಲ್ಲಲ್ಲೇ ಇತ್ಯರ್ಥ ಮಾಡ್ಕೊಂಡು ಕೇಳಿ, ಸ್ಪೀಕರ್ ಅಂಗಡೀಲಿ ಆ ಹೊಸ ಇಂಟ್ರೋ ಕೇಳಿ ಬೆಳೆದೋರಿಗೆ ಹಳೇದು ನುಡಿಸಿದ್ರೆ ಮುಖ ಸಣ್ಣದಾಗತ್ತೆ. ಮತ್ತೆ ಈ ಶನಿವಾರ ಮಾತ್ರ ದಯವಿಟ್ಟು ಬೇರೆ ಏನಾದ್ರೂ ಕೇಳಿ, ನಮ್ಮ ಎರಡನೇ ಗಿಟಾರಿನ ಹುಡುಗ ಅಕ್ಕನ ನಿಶ್ಚಿತಾರ್ಥ ಅಂತ ಊರಿಗೆ ಹೋಗ್ತಿದಾನೆ, ಲೂಪರ್ ಬ್ಯಾಗಿಗೆ ಹಾಕ್ಕೊಳ್ಳೋಕೆ ನನಗಂತೂ ಮನಸ್ಸಿಲ್ಲ.