ಎದುರು ಪಕ್ಷದ ಭಿನ್ನಮತೀಯನಿಗೆ ನಮ್ಮ ಮತ ಸಲ್ಲಬೇಕೇ?

ಮಾನ್ಯರೇ,

ತುರ್ತು ಪರಿಸ್ಥಿತಿಗೆ 50 ವರ್ಷ ತುಂಬಿದಾಗ ನಮ್ಮಲ್ಲಿ ಪ್ರಕಟವಾದ ಲೇಖನವನ್ನು ಓದಿ ನೀವು ತಿಪಟೂರಿನಿಂದ ಬರೆದ ದೀರ್ಘ ಪತ್ರ ಕೈಸೇರಿದೆ. ಮತದಾನದ ಹಕ್ಕು ಬಂದಂದಿನಿಂದ ಒಂದೇ ಪಕ್ಷಕ್ಕೆ ಮತ ಹಾಕುತ್ತ ಬಂದವರು ನೀವು. ಎದುರು ಪಕ್ಷದಲ್ಲಿದ್ದುಕೊಂಡೇ ತನ್ನ ನಾಯಕರ ತಪ್ಪನ್ನು ತಪ್ಪೆಂದು ಹೇಳಿ, ಆ ಕಾರಣಕ್ಕೆ ಟಿಕೆಟ್ ಕಳೆದುಕೊಂಡ ವ್ಯಕ್ತಿಯೊಬ್ಬ ನಾಳೆ ನಿಮ್ಮ ಕ್ಷೇತ್ರದಲ್ಲಿ ನಿಂತರೆ ಏನು ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ. ಅವನಿಗೆ ಮತ ಹಾಕಿದರೆ ನನ್ನ ಪಕ್ಷಕ್ಕೆ ದ್ರೋಹ ಬಗೆದಂತಾಗುವುದಿಲ್ಲವೇ, ಹಾಕದಿದ್ದರೆ ಇನ್ನು ಮುಂದೆ ಯಾರು ತಾನೇ ಹಾಗೆ ಬಾಯಿಬಿಟ್ಟಾರು, ಗೆದ್ದ ಮೇಲೆ ಅವನು ತನ್ನ ಹಳೆಯ ಪಕ್ಷದ ಮಸೂದೆಗಳಿಗೇ ಕೈಯೆತ್ತಿದರೆ ನಾನು ಮೂರ್ಖನಾಗುವುದಿಲ್ಲವೇ ಎಂದು ಕೇಳಿದ್ದೀರಿ. ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವ ನಿಮ್ಮ ಸ್ನೇಹಿತರು ಇದನ್ನೆಲ್ಲ “ಅವರ ಮನೆ ಜಗಳ, ನಮಗ್ಯಾಕೆ ಬಿಡಿ” ಎಂದು ತಳ್ಳಿಹಾಕಿದರೆಂದೂ ಬರೆದಿದ್ದೀರಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಥವನ ನಿಲುವಿಗೆ ನಮ್ಮ ಬೆಂಬಲ ಬಹಿರಂಗವಾಗಿ, ಹಿಂದುಮುಂದು ನೋಡದೆ ಸಲ್ಲಬೇಕು. ಮತದ ಮಾತು ಬೇರೆ. ಮತ ಎನ್ನುವುದು ಹಿಂದೆ ಮಾಡಿದ ಒಳ್ಳೆಯ ಕೆಲಸಕ್ಕೆ ಹೊದಿಸುವ ಶಾಲು ಅಲ್ಲ, ಮುಂದಿನ ಐದು ವರ್ಷಗಳ ಅಧಿಕಾರ. ಅವನು ತನ್ನ ಪಕ್ಷಕ್ಕೆ ಎದುರಾದದ್ದು ಯಾವ ವಿಷಯದಲ್ಲಿ ಎಂಬುದರ ಮೇಲೆ ಅದು ನಿಂತಿದೆ. ತೆರಿಗೆ, ಮೀಸಲಾತಿ, ವಿದೇಶಾಂಗ ನೀತಿಯಂಥ ವಿಷಯಗಳಲ್ಲಾದರೆ ನಿಮ್ಮ ಮತವನ್ನು ನಿಮ್ಮ ಪಕ್ಷಕ್ಕೇ ಹಾಕಿ, ಮನಸ್ಸಿಗೆ ಕಸಿವಿಸಿ ಬೇಡ. ಚುನಾವಣೆ ನಡೆಯುವುದೇ, ನ್ಯಾಯಾಲಯ ತೆರೆದಿರುವುದೇ, ವಿರೋಧಿಯಾದವನು ಜೈಲಿನ ಹೊರಗಿರಬಹುದೇ ಎಂಬಂಥ ಪ್ರಶ್ನೆಯಲ್ಲಿ ಅವನು ಎದುರುನಿಂತು ಬೆಲೆ ತೆತ್ತಿದ್ದರೆ, ಆ ಒಂದು ಚುನಾವಣೆಯ ಮಟ್ಟಿಗೆ ಅವನಿಗೆ ಮತ ಹಾಕುವುದರಲ್ಲಿ ದ್ರೋಹವೇನೂ ಇಲ್ಲ.

ಇಷ್ಟು ಎಚ್ಚರಿಕೆಯಿಂದ ಹೇಳುವುದಕ್ಕೆ ಕಾರಣವಿದೆ. ಪಕ್ಷದ ವಿರುದ್ಧ ನಿಂತದ್ದೆಲ್ಲ ತತ್ತ್ವವೆಂದು ನಂಬಿ ಕೆಟ್ಟವರ ಉದಾಹರಣೆ ನಮ್ಮ ರಾಜಧಾನಿಯಿಂದಲೇ ಶುರುವಾಗುತ್ತದೆ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ಸಂಸದೀಯ ಮಂಡಳಿಯು ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಬೇಕಾಗಿದ್ದವರು ಜಗಜೀವನ್ ರಾಮ್. ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪನವರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ ಇಂದಿರಾ ಅವರೇ ಕೊನೆಗೆ ಆತ್ಮಸಾಕ್ಷಿಯ ಮತದ ಕರೆ ಕೊಟ್ಟರು, ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿಯವರು ಗೆದ್ದರು. ಅಂದು ಎರಡೂ ಕಮ್ಯುನಿಸ್ಟ್ ಪಕ್ಷಗಳು, ಡಿಎಂಕೆ, ಅಕಾಲಿ ದಳ ಗಿರಿಯವರ ಪರ ನಿಂತವು. ಹಳೆಯ ಹುಲಿಗಳನ್ನು ಒಬ್ಬ ಮಹಿಳೆ ಧಿಕ್ಕರಿಸುತ್ತಿದ್ದಾಳೆ ಎಂಬ ಉತ್ಸಾಹ ಅದರಲ್ಲಿತ್ತು, ಬ್ಯಾಂಕುಗಳ ರಾಷ್ಟ್ರೀಕರಣದ ಬಿಸಿಯೂ ಇತ್ತು. ಆರು ವರ್ಷ ಕಳೆಯುವಷ್ಟರಲ್ಲಿ ಅವರಲ್ಲಿ ಮಾರ್ಕ್ಸ್‌ವಾದಿಗಳ ಹಲವು ನಾಯಕರು ಜೈಲಿನಲ್ಲಿದ್ದರು, ಮರುವರ್ಷದ ಜನವರಿಯಲ್ಲಿ ಡಿಎಂಕೆ ಸರ್ಕಾರ ವಜಾ ಆಯಿತು. 1969ರ ಆ ಜಗಳದಲ್ಲಿ ಗೆದ್ದವರು ಪಡೆದದ್ದು ಪಕ್ಷದ ಪೂರ್ಣ ಹಿಡಿತವನ್ನು. ಯಾವ ಭಿನ್ನಮತದಲ್ಲಿ ಭಿನ್ನಮತೀಯನಿಗೆ ಕಳೆದುಕೊಳ್ಳಲು ಏನೂ ಇಲ್ಲವೋ, ದಕ್ಕುವುದೇ ಹೆಚ್ಚೋ, ಅಲ್ಲಿ ನಿಮ್ಮ ಸ್ನೇಹಿತರ ಮಾತೇ ಸರಿ: ಅದು ಮನೆ ಜಗಳ.

ಇದರ ಪಕ್ಕದಲ್ಲಿ ತುರ್ತು ಪರಿಸ್ಥಿತಿಯ ಮೊದಲ ಬೆಳಗನ್ನು, 1975ರ ಜೂನ್ 26ನ್ನು, ಇಟ್ಟು ನೋಡಿ. ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಆ ದಿನ ಬೆಂಗಳೂರಿನಲ್ಲಿದ್ದರು, ಇಲ್ಲಿಯೇ ಬಂಧನಕ್ಕೊಳಗಾಗಿ ಸೆಂಟ್ರಲ್ ಜೈಲು ಸೇರಿದರು. ಅವರು ಬಂದಿದ್ದ ಕಾರಣ ನಮ್ಮ ಈ ಚರ್ಚೆಗೆ ತುಂಬ ಹತ್ತಿರದ್ದು. ಪಕ್ಷಾಂತರ ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆ ಇಲ್ಲಿ ನಿಗದಿಯಾಗಿತ್ತು. ಅವರೆಲ್ಲ ವಿರೋಧ ಪಕ್ಷದವರು, ಬಂಧನವನ್ನು ನಿರೀಕ್ಷಿಸಬಹುದಾಗಿದ್ದವರು. ದೆಹಲಿಯಲ್ಲಿ ಅದೇ ನಸುಕಿನಲ್ಲಿ, ಸರ್ಕಾರದ ವಿರುದ್ಧ ಚಳವಳಿ ನಡೆಸುತ್ತಿದ್ದ ಜಯಪ್ರಕಾಶ ನಾರಾಯಣರ (ಜೆಪಿ) ಬಂಧನದ ಸುದ್ದಿ ಕೇಳಿ ಸಂಸತ್ ಮಾರ್ಗದ ಪೊಲೀಸ್ ಠಾಣೆಗೆ ಧಾವಿಸಿದ ಚಂದ್ರಶೇಖರ್ ಆಳುವ ಕಾಂಗ್ರೆಸ್ಸಿನವರೇ, ಅದರ ಕಾರ್ಯಕಾರಿ ಸಮಿತಿಯಲ್ಲಿದ್ದವರು. ಅವರನ್ನೂ ಬಂಧಿಸಲಾಯಿತು. ಜೆಪಿಯವರೊಡನೆ ಮಾತುಕತೆ ನಡೆಸಿ ಎಂದು ಬಹಿರಂಗವಾಗಿ ಹೇಳುತ್ತ ಬಂದದ್ದೇ ಅವರ ಅಪರಾಧ. ಅದೇ ಮಾತು ಹೇಳಿದ್ದಕ್ಕೆ ಮೋಹನ್ ಧಾರಿಯಾ ಮಾರ್ಚ್ ತಿಂಗಳಲ್ಲೇ ಮಂತ್ರಿಪದವಿ ಕಳೆದುಕೊಂಡಿದ್ದರು. ಸುಮ್ಮನಿದ್ದಿದ್ದರೆ ಇಬ್ಬರಿಗೂ ಮುಂದೆ ಇನ್ನೂ ದೊಡ್ಡ ಸ್ಥಾನಗಳು ಸಿಗುವುದರಲ್ಲಿದ್ದವು.

1977ರಲ್ಲಿ ಇಬ್ಬರೂ ವಿರೋಧ ಪಕ್ಷಗಳು ಸೇರಿ ಕಟ್ಟಿದ ಜನತಾ ಪಕ್ಷದಿಂದ ನಿಂತರು. ಜನಸಂಘದ ಕಾರ್ಯಕರ್ತನೊಬ್ಬ ಉತ್ತರ ಪ್ರದೇಶದ ಬಲಿಯಾ ಕ್ಷೇತ್ರದಲ್ಲಿ ಚಂದ್ರಶೇಖರರಿಗೂ ಪುಣೆಯಲ್ಲಿ ಧಾರಿಯಾ ಅವರಿಗೂ ಮತ ಕೇಳಲು ಹೊರಟಾಗ, ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಯೇ ಅವನನ್ನೂ ಕಾಡಿರಬೇಕು. ಇಬ್ಬರೂ ಸಮಾಜವಾದಿ ಹಿನ್ನೆಲೆಯವರು, ಜನಸಂಘವನ್ನು ಕಟುವಾಗಿ ಟೀಕಿಸುತ್ತ ಬಂದವರು. ಆದರೂ ಅವನು ಹೊರಟ, ಏಕೆಂದರೆ ಆ ವಾದವನ್ನು ಮುಂದುವರಿಸಲು ಎರಡೂ ಕಡೆಯವರು ಜೈಲಿನ ಹೊರಗಿರಬೇಕಿತ್ತು. ಅಲ್ಲಿ ಮತ ಹಾಕಿದ್ದು ಸರಿ ಎಂದು ನಾನು ಸ್ವಲ್ಪವೂ ಅನುಮಾನವಿಲ್ಲದೆ ಹೇಳಬಲ್ಲೆ.

ಅದೇ ಚುನಾವಣೆಯಲ್ಲಿ ಜಗಜೀವನ್ ರಾಮ್ ಅವರ ಪ್ರಶ್ನೆ ಹೆಚ್ಚು ಕಠಿಣವಾದದ್ದು. ತುರ್ತು ಪರಿಸ್ಥಿತಿಗೆ ಲೋಕಸಭೆಯ ಒಪ್ಪಿಗೆ ಕೇಳುವ ನಿರ್ಣಯವನ್ನು 1975ರ ಜುಲೈನಲ್ಲಿ ಮಂಡಿಸಿದವರೇ ಅವರು. ಸಂಪುಟದಲ್ಲಿ ಕೊನೆಯವರೆಗೂ ಇದ್ದು, ಚುನಾವಣೆ ಘೋಷಣೆಯಾದ ಮೇಲೆ, 1977ರ ಫೆಬ್ರುವರಿ 2ರಂದು ಹೊರಬಂದರು. ಅವರ ನಿರ್ಗಮನದಿಂದ ಕಾಂಗ್ರೆಸ್ಸಿಗೆ ಬಿದ್ದ ಪೆಟ್ಟು ಚಂದ್ರಶೇಖರರ ಇಡೀ ಸೆರೆವಾಸದಿಂದ ಬಿದ್ದದ್ದಕ್ಕಿಂತ ದೊಡ್ಡದು ಎಂಬುದನ್ನು ಅಲ್ಲಗಳೆಯಲಾಗದು. ಒಬ್ಬರದು ಬೆಲೆ ತೆತ್ತ ಭಿನ್ನಮತ, ಇನ್ನೊಬ್ಬರದು ಸಮಯ ನೋಡಿ ಎದ್ದ ಭಿನ್ನಮತ, ಆದರೆ ಫಲ ಕೊಟ್ಟದ್ದು ಎರಡನೆಯದು. ಇಂಥವರಿಗೆ ಮತ ಹಾಕಬಹುದು. ಗೌರವವನ್ನು ಮಾತ್ರ ಅಳೆದು ಕೊಡಬೇಕು. ಸಾಸಾರಾಮಿನ ಮತದಾರರು ಅವರನ್ನು ಗೆಲ್ಲಿಸಿದರು, ಜನತಾ ಪಕ್ಷದ ನಾಯಕರು ಅವರನ್ನು ಪ್ರಧಾನಿ ಮಾಡಲಿಲ್ಲ. ಎರಡೂ ನನಗೆ ಅರ್ಥವಾಗುತ್ತದೆ.

ಕರ್ನಾಟಕದ ಮತದಾರರಾದರೋ ಆ ವರ್ಷ ಹೀಗೆಲ್ಲ ಯೋಚಿಸಲೇ ಇಲ್ಲ. ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಜನತಾ ಪಕ್ಷಕ್ಕೆ ದಕ್ಕಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದ ಕೆ.ಎಸ್. ಹೆಗ್ಡೆಯವರು ಒಂದು ಕಾಲಕ್ಕೆ ಕಾಂಗ್ರೆಸ್ಸಿನಿಂದಲೇ ರಾಜ್ಯಸಭೆಗೆ ಹೋಗಿದ್ದವರು, ಸುಪ್ರೀಂ ಕೋರ್ಟಿನಲ್ಲಿ ತಮ್ಮ ಜ್ಯೇಷ್ಠತೆಯನ್ನು ಕಡೆಗಣಿಸಿದ್ದಕ್ಕೆ 1973ರಲ್ಲಿ ನ್ಯಾಯಮೂರ್ತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟವರು. ಉಳಿದೆಡೆ ಜನ ಯಾಕೆ ಕಾಂಗ್ರೆಸ್ಸಿನ ಜೊತೆ ನಿಂತರು ಎಂಬುದಕ್ಕೆ ಪ್ರಜಾಪ್ರಭುತ್ವದ ಪರಿವೆ ಇರಲಿಲ್ಲ ಎಂದು ಬರೆಯುವ ರೂಢಿ ನಮ್ಮ ಪತ್ರಕರ್ತರಲ್ಲಿದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತಿದ್ದ ಕಾಲ ಅದು. ತಾನು ಉಳುವ ಹೊಲ ತನ್ನ ಹೆಸರಿಗೆ ಬರುವುದೋ ಇಲ್ಲವೋ ಎಂಬ ಸ್ಥಿತಿಯಲ್ಲಿದ್ದವನಿಗೆ, ದೆಹಲಿಯ ಭಿನ್ನಮತೀಯರ ತ್ಯಾಗವನ್ನು ನೋಡಿ ಮತ ಬದಲಿಸು ಎಂದು ಹೇಳುವ ಹಕ್ಕು ಪಿಂಚಣಿ ಭದ್ರವಾಗಿದ್ದ ಯಾರಿಗೂ ಇರಲಿಲ್ಲ. ನಿಮ್ಮ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡಬೇಕೆಂದು ನಾನು ಬಯಸದಿರುವುದು ಇದೇ ಕಾರಣಕ್ಕೆ.

ಈಗ 2008ಕ್ಕೆ ಬರೋಣ. ಅಮೆರಿಕದೊಡನೆಯ ಪರಮಾಣು ಒಪ್ಪಂದದ ವಿಚಾರವಾಗಿ ಎಡಪಕ್ಷಗಳು ಮನಮೋಹನ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಂಡಾಗ, ರಾಷ್ಟ್ರಪತಿಗೆ ಕೊಟ್ಟ ಸಂಸದರ ಪಟ್ಟಿಯಲ್ಲಿ ಲೋಕಸಭಾಧ್ಯಕ್ಷ ಸೋಮನಾಥ ಚಟರ್ಜಿಯವರ ಹೆಸರೂ ಇತ್ತು. ಸಭಾಧ್ಯಕ್ಷ ಯಾವ ಪಕ್ಷಕ್ಕೂ ಸೇರಿದವನಲ್ಲ ಎಂದು ಅವರು ಕುರ್ಚಿ ಬಿಡಲು ಒಪ್ಪಲಿಲ್ಲ. ಜುಲೈ 22ರಂದು 275–256 ಮತಗಳಿಂದ ಸರ್ಕಾರ ಉಳಿಯಿತು, ಮರುದಿನವೇ ಮಾರ್ಕ್ಸ್‌ವಾದಿ ಪಕ್ಷವು ಅವರನ್ನು ಉಚ್ಚಾಟಿಸಿತು. ಹತ್ತು ಬಾರಿ ಲೋಕಸಭೆಗೆ ಆರಿಸಿಬಂದಿದ್ದ ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ, ಎದುರು ಪಕ್ಷಗಳು ಹೊಗಳಿದರೂ ಯಾರ ಟಿಕೆಟನ್ನೂ ತೆಗೆದುಕೊಳ್ಳಲಿಲ್ಲ. ಅವರು ಹಿಡಿದದ್ದು ಸದನದ ನಡಾವಳಿಯ ಪ್ರಶ್ನೆಯನ್ನಾದ್ದರಿಂದ, ಒಪ್ಪಂದವನ್ನು ವಿರೋಧಿಸುತ್ತಿದ್ದವನು ಕೂಡ ಅವರ ಪರ ಮಾತನಾಡಬಹುದಿತ್ತು.

ಆದರೆ ಅದೇ ಜುಲೈ 22ರಂದು ಸದನದಲ್ಲಿ ಬಿಜೆಪಿಯ ಸದಸ್ಯರು, ಮತಕ್ಕಾಗಿ ಕೊಟ್ಟ ಲಂಚವೆಂದು ಆರೋಪಿಸಿ, ನೋಟಿನ ಕಂತೆಗಳನ್ನು ಎತ್ತಿ ತೋರಿಸಿದ್ದೂ ನಿಮಗೆ ನೆನಪಿರಬಹುದು. ಅಡ್ಡಮತದಾನ ಮಾಡಿದವರಲ್ಲಿ ಬೆಂಗಳೂರು ಉತ್ತರದ ಸಂಸದ ಎಚ್.ಟಿ. ಸಾಂಗ್ಲಿಯಾನ ಅವರೂ ಇದ್ದರು. ದಕ್ಷ ಪೊಲೀಸ್ ಅಧಿಕಾರಿಯೆಂದು ಹೆಸರಾದ, 2004ರಲ್ಲಿ ಜಾಫರ್ ಷರೀಫರನ್ನೇ ಸೋಲಿಸಿದ್ದ ಅವರು, ಒಪ್ಪಂದ ದೇಶಕ್ಕೆ ಹಿತವೆಂದು ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಸರ್ಕಾರದ ಪರ ಮತ ಹಾಕಿದರು, ಬಿಜೆಪಿಯಿಂದ ಉಚ್ಚಾಟಿತರಾದರು. ಮರುವರ್ಷ ಕಾಂಗ್ರೆಸ್ ಅವರನ್ನು ಬೆಂಗಳೂರು ಸೆಂಟ್ರಲ್‌ನಲ್ಲಿ ನಿಲ್ಲಿಸಿತು, ಅವರು ಸೋತರು. ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನು ತೀರ್ಮಾನಿಸಲು ಹೋಗುವುದಿಲ್ಲ. ಎದುರು ಪಕ್ಷ ಮಾಡಿದ ಕೆಲಸದ ಬಗ್ಗೆ ಮಾತ್ರ ನನ್ನ ತಕರಾರು. ಬಿಜೆಪಿಯೊಳಗಿನ ಒಬ್ಬ ಸಂಸದ ಒಪ್ಪಂದದ ಪರ ನಿಂತಾಗ ಆ ನಿಲುವಿಗೆ ಇದ್ದ ತೂಕ, ಅವರೇ ಕಾಂಗ್ರೆಸ್ ಅಭ್ಯರ್ಥಿಯಾದ ದಿನ ಹೋಗಿಬಿಟ್ಟಿತು. ಎದುರಾಳಿಯನ್ನು ಬೆಂಬಲಿಸುವುದೆಂದರೆ ಅವನಿಗೆ ನಮ್ಮ ಬಾವುಟ ಹಿಡಿಸುವುದೆಂದು ನಮ್ಮ ಪಕ್ಷಗಳು ತಿಳಿದಿವೆ, ನೀವೂ ಹಾಗೆ ತಿಳಿಯಬೇಡಿ. ಅವನು ಅವನ ಪಕ್ಷದಲ್ಲೇ ಇರಲಿ, ಇರಲು ಬಿಡದಿದ್ದರೆ ಪಕ್ಷೇತರನಾಗಿ ನಿಲ್ಲಲಿ.

ಇನ್ನು ಕಾನೂನಿನ ತೊಡಕೊಂದಿದೆ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ವಿಪ್‌ಗೆ ವಿರುದ್ಧವಾಗಿ ಮತ ಹಾಕಿದ ಸದಸ್ಯನನ್ನು ಪಕ್ಷವು 15 ದಿನಗಳೊಳಗೆ ಕ್ಷಮಿಸದಿದ್ದರೆ ಅವನು ಅನರ್ಹತೆಗೆ ಗುರಿಯಾಗುತ್ತಾನೆ. ವಿಶ್ವಾಸಮತಕ್ಕೂ ಸರ್ಕಾರದ ಅಳಿವು ಉಳಿವಿನ ಪ್ರಶ್ನೆಯೇ ಇಲ್ಲದ ಸಾಧಾರಣ ಮಸೂದೆಗೂ ಕಾಯ್ದೆಯ ಅಕ್ಷರದಲ್ಲಿ ವ್ಯತ್ಯಾಸವಿಲ್ಲ. ಇರಬೇಕು ಎಂಬರ್ಥದ ಮಾತನ್ನು 1992ರಲ್ಲೇ ಸುಪ್ರೀಂ ಕೋರ್ಟ್ ಆಡಿದ್ದರೂ ಪಕ್ಷಗಳು ವಿಪ್ ಕೊಡುವುದನ್ನು ಕಡಿಮೆ ಮಾಡಿಲ್ಲ. ಇದೇ ಕಾಯ್ದೆ 2019ರಲ್ಲಿ ನಮ್ಮ ವಿಧಾನಸಭೆಯಲ್ಲಿ ಹೇಗೆ ಕೆಲಸ ಮಾಡಿತೆಂದು ನೋಡಿದ್ದೇವೆ: 17 ಶಾಸಕರು ಅನರ್ಹರಾದರು, ಮತ್ತೆ ಸ್ಪರ್ಧಿಸಲು ಕೋರ್ಟು ಅವಕಾಶ ಕೊಟ್ಟಿತು, ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಬಿಜೆಪಿಯಿಂದ ಗೆದ್ದು ಬಂದರು. ರೆಸಾರ್ಟಿನಿಂದ ಗುಂಪಾಗಿ ರಾಜೀನಾಮೆ ಕೊಟ್ಟವರಿಗೆ ಮರಳುವ ದಾರಿ ಇದೆ, ಒಂದು ಕೆಟ್ಟ ಮಸೂದೆಗೆ ಒಂಟಿಯಾಗಿ ‘ಇಲ್ಲ’ ಎಂದವನಿಗೆ ಸ್ಥಾನವೇ ಇಲ್ಲ. ಹಾಗಾಗಿ ನಿಮ್ಮ ತತ್ತ್ವನಿಷ್ಠ ಎದುರಾಳಿಯನ್ನು ಸದನದ ಮತಪಟ್ಟಿಯಲ್ಲಿ ಹುಡುಕಿದರೆ ಸಿಗಲಾರ. ಅವನು ಬಿಟ್ಟ ಮಂತ್ರಿಪದವಿ, ನಿಗಮದ ಅಧ್ಯಕ್ಷಗಿರಿ, ಪಕ್ಷದ ಸಭೆಯಲ್ಲಿ ಆಡಿ ಹೊರಗೆ ಬಂದು ಅಲ್ಲಗಳೆಯದ ಮಾತು, ಇವುಗಳಲ್ಲಿ ಹುಡುಕಬೇಕು. ಟಿಕೆಟ್ ತಪ್ಪಿದ ಮೇಲೆ ಮೊಳೆತ ತತ್ತ್ವವನ್ನೂ ಟಿಕೆಟ್ ತಪ್ಪಲು ಕಾರಣವಾದ ತತ್ತ್ವವನ್ನೂ ತಾರೀಖು ನೋಡಿಯೇ ಬೇರೆ ಮಾಡಬಹುದು.

ದ್ರೋಹದ ಮಾತಿಗೆ ಒಂದು ಮರುಪ್ರಶ್ನೆ ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಪಕ್ಷದಲ್ಲೇ ಯಾರಾದರೂ ಹೀಗೆ ಮಾತನಾಡಿದಾಗ ನೀವು ಏನೆಂದಿರಿ? ಪತ್ರದಲ್ಲಿ ನೀವು ಹೆಸರಿಸಿರುವ ನಿಮ್ಮದೇ ಪಕ್ಷದ ಹಿರಿಯರೊಬ್ಬರನ್ನು, ಅವರ ಹೆಸರನ್ನು ನಾನಿಲ್ಲಿ ಎತ್ತುವುದಿಲ್ಲ, “ಹೊತ್ತಲ್ಲದ ಹೊತ್ತಿನಲ್ಲಿ ಬಾಯಿ ತೆರೆದವರು” ಎಂದು ಕರೆದಿದ್ದೀರಿ. ಎದುರು ಪಕ್ಷದಲ್ಲಿರುವವನಿಗೆ ಧೀರ ಎಂಬ ಬಿರುದು, ನಮ್ಮಲ್ಲಿರುವವನಿಗೆ ಹೊತ್ತುಗೊತ್ತಿನ ಪಾಠ ಎಂದಾದರೆ, ನಾವು ಮೆಚ್ಚುತ್ತಿರುವುದು ಎದುರು ಪಕ್ಷಕ್ಕೆ ಆದ ಮುಖಭಂಗವನ್ನು ಮಾತ್ರ.

ಗೆದ್ದ ಮೇಲೆ ಅವನು ತನ್ನ ಹಳೆಯ ವಿಚಾರಗಳಿಗೇ ಕೈಯೆತ್ತಿದರೆ ಎಂದು ಕೇಳಿದ್ದೀರಿ. ಎತ್ತುತ್ತಾನೆ, ಎತ್ತಬೇಕು ಕೂಡ. ಒಂದು ವಿಷಯದಲ್ಲಿ ನಿಮ್ಮೊಡನೆ ನಿಂತ ಮಾತ್ರಕ್ಕೆ ಅವನು ನಿಮ್ಮ ವಿಚಾರದವನಾಗುವುದಿಲ್ಲ. ಆ ಒಂದು ವಿಷಯವೂ ಅವನನ್ನು ಜೀವಮಾನವಿಡೀ ಕಾಯುವುದಿಲ್ಲ. 1975ರಲ್ಲಿ ಕಾಂಗ್ರೆಸ್ ಸರ್ಕಾರ ಜೈಲಿಗೆ ಹಾಕಿದ ಚಂದ್ರಶೇಖರರೇ 1990ರ ನವೆಂಬರಿನಲ್ಲಿ, ಕೆಲವೇ ಡಜನ್ ಸಂಸದರನ್ನು ಕಟ್ಟಿಕೊಂಡು, ಕಾಂಗ್ರೆಸ್ಸಿನ ಹೊರಬೆಂಬಲದಿಂದ ಪ್ರಧಾನಿಯಾದರು. ಮಾರ್ಚ್ ಬರುವಷ್ಟರಲ್ಲಿ ಆ ಬೆಂಬಲದ ಮೇಲೆ ನಿಲ್ಲಲಾಗದೆ ರಾಜೀನಾಮೆ ಕೊಟ್ಟರು. 1977ರಲ್ಲಿ ಅವರಿಗೆ ಮತ ಹಾಕಿದವರು 1990ರಲ್ಲಿ ಅವರನ್ನು ಟೀಕಿಸಿದ್ದರೆ ಎರಡು ಸಲವೂ ಸರಿಯಾಗಿಯೇ ನಡೆದುಕೊಂಡರು. ನಿಮ್ಮ ಕ್ಷೇತ್ರದಲ್ಲಿ ಅಂಥ ಅಭ್ಯರ್ಥಿ ನಿಂತರೆ, ಮತ ಕೇಳಲು ನಿಮ್ಮ ಮನೆಗೆ ಬಂದಾಗ ಅವನಿಗೆ ಇದನ್ನು ಮುಖಕ್ಕೇ ಹೇಳಿ: ಈ ಬಾರಿ, ಈ ಕಾರಣಕ್ಕೆ, ನಿಮಗೆ, ಮುಂದಿನ ಬಾರಿ ನಮ್ಮವರಿಗೆ.

ವಂದನೆಗಳೊಂದಿಗೆ,
ಸಂಪಾದಕ