ವಿಂಗಡಿಸಿದ ಪಟ್ಟಿಯಲ್ಲಿ ಲುಕ್‌ಗೆ ಕೆಲವು ಊರುಗಳು ಸಿಗದಿರುವ ಬಗ್ಗೆ

ಚಿಂಚೋಳಿಯ ಸದಸ್ಯರು ತೊಗರಿ ಬೀಜ ವಿತರಣೆಯ ಲೆಕ್ಕವನ್ನು ಊರು, ರೈತರ ಹೆಸರು, ತಳಿ, ಕಿಲೋ ಎಂದು ಸಾಲಿಗೊಂದರಂತೆ ಟೆಕ್ಸ್ಟ್ ಫೈಲಿನಲ್ಲಿ ಬರೆದು, ಊರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದಾರೆ. ಲಿನಕ್ಸ್‌ನಲ್ಲಿ ಫೈಲಿನೊಳಗೆ ಪದ ಹುಡುಕುವ ಗ್ರೆಪ್ (grep) ಆದೇಶಕ್ಕೆ ಸಿಗುವ ಕೆಲವು ಊರುಗಳು, ಹುಡುಕುವ ಇನ್ನೊಂದು ಆದೇಶವಾದ ಲುಕ್‌ಗೆ (look) ಏಕೆ ಸಿಗುವುದಿಲ್ಲ ಎಂಬುದು ಅವರ ಪ್ರಶ್ನೆ.

ಗ್ರೆಪ್ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಲುಕ್ ಹಾಗಲ್ಲ, ಅದು ಫೈಲಿನ ನಡುವೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ಎಂದು ನೋಡಿ, ಉಳಿದರ್ಧವನ್ನು ಬಿಟ್ಟುಬಿಡುತ್ತದೆ. ಹೀಗಾಗಿ 10 ಲಕ್ಷ ಸಾಲುಗಳಿದ್ದರೂ ಸುಮಾರು 20 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅದು ನಂಬುವ ಕ್ರಮ ನಮ್ಮ ವರ್ಣಮಾಲೆಯದಲ್ಲ, ಯುನಿಕೋಡ್ ಸಂಕೇತಗಳದು, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆಗಳದು. ನಾವು ಹಕಾರದ ನಂತರ ಕೊನೆಯಲ್ಲಿ ಹೇಳುವ ಳಕಾರ ಅಲ್ಲಿ ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲೇ ಕುಳಿತಿದೆ. ನೀವು ಕೈಯಿಂದ ಜೋಡಿಸಿದ ಪಟ್ಟಿಯಲ್ಲಿ ಹವಳಗಾ ಮೊದಲು, ಹಳ್ಳಿಖೇಡ ನಂತರ ಬರುತ್ತದೆ. ಹಳ್ಳಿಖೇಡವನ್ನು ಹುಡುಕುತ್ತಾ ಹೊರಟ ಲುಕ್ ಹವಳಗಾದ ಮೇಲೆ ಬಿದ್ದರೆ, ತನಗೆ ಬೇಕಾದದ್ದು ಹಿಂದೆಯೇ ಉಳಿಯಿತೆಂದು ತಿಳಿದು ಹಿಂದಕ್ಕೆ ಹೋಗಿ, ಬರಿಗೈಯಲ್ಲಿ ಮರಳುತ್ತದೆ. ದೋಷದ ಸೂಚನೆಯೂ ಇರುವುದಿಲ್ಲ, ಅದೇ ಇದರ ಕೆಟ್ಟ ಗುಣ. ನಾನೇ ಒಮ್ಮೆ ಇಂತಹ ಮೌನವನ್ನು ನಂಬಿ, ಬೀಜ ಒಯ್ದಿದ್ದ ರೈತರೊಬ್ಬರಿಗೆ ನಿಮ್ಮ ಹೆಸರೇ ಇಲ್ಲವೆಂದು ಹೇಳಿ ಮುಜುಗರಪಟ್ಟಿದ್ದೇನೆ.

ಆದ್ದರಿಂದ ಕೈಯಿಂದ ಜೋಡಿಸುವುದನ್ನು ಬಿಟ್ಟು, ಎಲ್‌ಸಿ_ಆಲ್ (LC_ALL) ಎಂಬ ಸೆಟ್ಟಿಂಗ್‌ಗೆ ದೊಡ್ಡ ಸಿ (C) ಎಂಬ ಬೆಲೆ ಕೊಟ್ಟು, ಸಾಲುಗಳನ್ನು ಜೋಡಿಸುವ ಸಾರ್ಟ್ (sort) ಆದೇಶವನ್ನು ನಡೆಸಿರಿ. ಆಗ ಅದು ಯಾವ ಭಾಷೆಯ ನಿಯಮವನ್ನೂ ನೋಡದೆ ಬೈಟ್‌ಗಳ, ಅಂದರೆ ಲುಕ್ ನಂಬುವ ಅದೇ ಸಂಕೇತಗಳ ಕ್ರಮದಲ್ಲೇ ಜೋಡಿಸುತ್ತದೆ. ಫಲಿತವನ್ನು ಬಾಣದ ಗುರುತಿನಿಂದ (>) ಅದೇ ಫೈಲಿಗೆ ಕಳಿಸಬೇಡಿರಿ, ಸಾರ್ಟ್ ಓದುವ ಮೊದಲೇ ನಮ್ಮ ಆದೇಶಗಳನ್ನು ನಡೆಸುವ ಶೆಲ್ ಆ ಫೈಲನ್ನು ಖಾಲಿ ಮಾಡಿಬಿಡುತ್ತದೆ. ಬೇರೆ ಹೆಸರಿನ ಫೈಲಿಗೆ ಕಳಿಸಿರಿ. ಮುಂದೆ ಹೊಸ ಸಾಲು ಸೇರಿಸಿದಾಗಲೆಲ್ಲ ಅದೇ ಸೆಟ್ಟಿಂಗ್‌ನಲ್ಲಿ ಸಾರ್ಟ್‌ನ ಸಣ್ಣ ಸಿ (-c) ಆಯ್ಕೆಯನ್ನು ಓಡಿಸಿದರೆ, ಕ್ರಮ ತಪ್ಪಿದ ಮೊದಲ ಸಾಲನ್ನು ಅದು ತೋರಿಸುತ್ತದೆ.

ಕಾಗುಣಿತದ ತೊಡಕು ಬೇರೆಯೇ ಇದೆ, ಅದನ್ನು ಸಾರ್ಟ್ ಸರಿಪಡಿಸಲಾರದು. ಅಫಜಲಪುರವನ್ನು ಒಬ್ಬರು ಫಕಾರಕ್ಕೆ ಅಥವಾ ಜಕಾರಕ್ಕೆ ನುಕ್ತದ ಚುಕ್ಕೆಯಿಟ್ಟು (ಫ಼, ಜ಼), ಇನ್ನೊಬ್ಬರು ಇಡದೆ ಬರೆದಿದ್ದರೆ ಲುಕ್‌ಗೆ ಅವು ಎರಡು ಊರುಗಳು. 2014ರ ನವೆಂಬರ್ 1ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಕಲಬುರಗಿಯು ಗುಲಬರ್ಗಾ ಎಂದೇ ಇರುವ ಸಂಭವ ಹೆಚ್ಚು. ಜೋಡಿಸುವ ಮೊದಲು ಪದಗಳನ್ನು ಬದಲಿಸುವ ಸೆಡ್ (sed) ಆದೇಶದಿಂದ ಇವನ್ನೆಲ್ಲ ಒಂದೇ ರೂಪಕ್ಕೆ ತನ್ನಿರಿ.

ಲುಕ್ ಸಾಲಿನ ಆರಂಭವನ್ನು ಮಾತ್ರ ನೋಡುತ್ತದೆ ಎಂಬುದನ್ನೂ ಗಮನದಲ್ಲಿಡಿ. ಟಿಎಸ್-3ಆರ್ ತಳಿ ಒಯ್ದವರು ಯಾರೆಂದು ತಿಳಿಯಬೇಕಿದ್ದರೆ ತಳಿ ಮೂರನೆಯ ಕಾಲಂನಲ್ಲಿರುವುದರಿಂದ ಲುಕ್ ಕೆಲಸಕ್ಕೆ ಬಾರದು. ಕಾಲಂಗಳ ಸ್ಥಾನ ಬದಲಿಸಬಲ್ಲ ಆಕ್ (awk) ಬಳಸಿ ತಳಿಯನ್ನು ಮುಂದಕ್ಕೆ ತಂದ ಇನ್ನೊಂದು ಪ್ರತಿಯನ್ನು ಮಾಡಿ ಜೋಡಿಸಬೇಕು, ಇಲ್ಲವೇ ಗ್ರೆಪ್ ಬಳಸಬೇಕು. ನಿಮ್ಮ ಪಟ್ಟಿ ಕೆಲವು ಸಾವಿರ ಸಾಲುಗಳಷ್ಟೇ ಆಗಿದ್ದರೆ ನನ್ನ ಅಭಿಪ್ರಾಯದಲ್ಲಿ ಗ್ರೆಪ್ ಸಾಕು, ಕಾಯುವ ಹೊತ್ತು ಕಣ್ಣಿಗೂ ಬೀಳುವುದಿಲ್ಲ. ಎಲ್ಲ ತಾಲ್ಲೂಕುಗಳ ಹಲವು ವರ್ಷಗಳ ಲೆಕ್ಕವನ್ನು ಒಂದೇ ಫೈಲಿಗೆ ಸೇರಿಸುವ ಯೋಚನೆಯಿದ್ದರೆ ಮಾತ್ರ ಮೇಲಿನ ಶ್ರಮ ಪಡಿರಿ. ಉಬುಂಟು ಲಿನಕ್ಸ್‌ನ ಹೊಸ ಆವೃತ್ತಿಗಳಲ್ಲಿ ಲುಕ್ ಇಲ್ಲದಿದ್ದರೆ ಬಿಎಸ್‌ಡಿಎಕ್ಸ್‌ಟ್ರಾಯುಟಿಲ್ಸ್ (bsdextrautils) ಎಂಬ ಪ್ಯಾಕೇಜ್ ಹಾಕಿಕೊಳ್ಳಬೇಕಾಗುತ್ತದೆ.