ಹುಟ್ಟು ಹಾಕದ ಹುಡುಗ ಊಟ ಬಿಟ್ಟಿದ್ದು

ಪುಣೆಯ ಕನ್ನಡ ಮನೆಯ ಹುಡುಗ, ಇಂಜಿನಿಯರಿಂಗ್ ಓದ್ತಾನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದೀನಿ. ಎಂಟು ಜನರ ರೋಯಿಂಗ್ ಬೋಟಲ್ಲಿ ಇವನು ಕಾಕ್ಸ್, ಅಂದ್ರೆ ಹುಟ್ಟು ಹಾಕದೆ ಬೋಟ್ ನಡೆಸೋ ಒಂಬತ್ತನೆಯವನು. ಹುಟ್ಟು ಹಾಕೋ ಎಂಟೂ ಜನ ಹಿಂದಕ್ಕೆ ಮುಖ ಮಾಡಿ ಕೂತಿರ್ತಾರೆ, ಮುಂದೆ ನೋಡೋನು ಇವನೊಬ್ಬನೇ, ಚುಕ್ಕಾಣಿನೂ ಇವನ ಕೈಲೇ.

ಸಲಹೆಗೆ ಅಂತ ನನ್ನ ಹತ್ರ ಕರ್ಕೊಂಡು ಬಂದಿದ್ದು ತಾಯಿ. "ಅರ್ಧ ಚಪಾತಿ ತಿಂದು ಎದ್ದುಬಿಡ್ತಾನ್ರೀ ಮೇಡಮ್, ರೇಸ್ ಹಿಂದಿನ ದಿನ ನೀರೂ ಕುಡಿಯಂಗಿಲ್ಲ." ಹುಡುಗ ಫೋನ್ ತೋರಿಸಿದ, ಬೆಳಿಗ್ಗೆ ಸಂಜೆ ತೂಕ ಬರೆದಿಟ್ಟ ಉದ್ದನೆ ಪಟ್ಟಿ, ಕೊನೆಯದು 51 ಕೆಜಿ. "ಅವ್ರು ಎಳೀತಾರೆ, ನಾನು ಬರೀ ಭಾರ, ಕಮ್ಮಿ ಆದಷ್ಟೂ ಒಳ್ಳೇದಲ್ವಾ?"

ಬೋಟ್ ವಾಲಿದ್ರೆ ಏನ್ಮಾಡ್ತೀಯ ಅಂತ ಕೇಳಿದೆ. ಯಾರ ಕೈ ಮೇಲೆ ಹೋಯ್ತು, ಯಾರ ಹುಟ್ಟು ನೀರಿಗೆ ತಡವಾಗಿ ಬಿತ್ತು ಅನ್ನೋದು ಕೂತ ಸೀಟಲ್ಲೇ ಗೊತ್ತಾಗುತ್ತೆ, 2000 ಮೀಟರ್ ರೇಸಲ್ಲಿ ಯಾವಾಗ ಜೋರು ಮಾಡಿಸ್ಬೇಕು ಅಂತ ಹೇಳೋದೂ ನಾನೇ ಅಂತ ತಡೀದೆ ಹೇಳ್ತಾ ಹೋದ. ಇದನ್ನ ಭಾರ ಅಂತಾರೇನಪ್ಪಾ!

ನಾನು ಹೇಳಿದ್ದಿಷ್ಟು. ಅಂತರರಾಷ್ಟ್ರೀಯ ನಿಯಮದಲ್ಲಿ ಕಾಕ್ಸ್‌ಗೆ ಕನಿಷ್ಠ 55 ಕೆಜಿ, ಕಮ್ಮಿ ಇದ್ರೆ ಆ ವ್ಯತ್ಯಾಸದ ತೂಕವನ್ನ ಬೋಟಲ್ಲಿ ಅವನ ಹತ್ರಾನೇ ಇಡ್ತಾರೆ, ಅಂದ್ರೆ ನೀನು ಉಪವಾಸ ಬಿದ್ದು ಉಳಿಸಿದ 4 ಕೆಜಿ ವಾಪಸ್ ಬೋಟಿಗೇ ಬರುತ್ತೆ. ನಿಮ್ಮ ರೇಸಿನ ನಿಯಮ ಕೋಚ್ ಹತ್ರ ಕೇಳು, ಟೀಮಲ್ಲಿ ತೂಕದ ಮಾತು ಯಾರು ಆಡ್ತಾರೆ ಅಂತಾನೂ ಅವರಿಗೆ ಹೇಳು. ಈ ವಾರವೇ ಡಾಕ್ಟರ್‌ಗೆ ತೋರಿಸು, ಅವರು ಸರಿ ಅನ್ನೋವರೆಗೂ ನೀರಿಗೆ ಇಳೀಬೇಡ, ನೀನು ತಲೆ ಸುತ್ತಿ ಬಿದ್ರೆ ಎಂಟು ಜನಕ್ಕೂ ಮುಂದೇನಿದೆ ಅಂತ ನೋಡೋರಿಲ್ಲ. ತೂಕದ ಪಟ್ಟಿ ಅಳಿಸು. ತಾಯಿಗೂ ಹೇಳಿದೆ, ತಟ್ಟೆ ಮುಂದೆ ಕೂತು ಚಪಾತಿ ಎಣಿಸಬೇಡಿ ಅಮ್ಮಾ.

ಮುಂದಿನ ಜೀವನದ ಬಗ್ಗೆನೂ ಕೇಳಿದ. ಸುಳ್ಳು ಆಸೆ ಹುಟ್ಟಿಸಲಿಲ್ಲ, ಒಲಿಂಪಿಕ್ಸಲ್ಲಿ ಈಗ ಕಾಕ್ಸ್ ಇರೋದು ಎಂಟರ ಬೋಟಲ್ಲಿ ಮಾತ್ರ, ಅದಕ್ಕೇ ಡಿಗ್ರಿ ಬಿಡಬೇಡ ಅಂದೆ. ಆದ್ರೆ 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ನಮ್ಮ ಗಂಡಸರ ಎಂಟರ ಬೋಟ್ ಬೆಳ್ಳಿ ಗೆದ್ದಾಗ ಪದಕ ಒಂಬತ್ತು ಜನಕ್ಕೆ ಬಂತು, ಕಾಕ್ಸ್ ಧನಂಜಯ್ ಪಾಂಡೆಗೂ. ನಮ್ಮ ಪುಣೆಯಲ್ಲೇ ಸೈನ್ಯದ ರೋಯಿಂಗ್ ಕೇಂದ್ರ ಇದೆ, ಮುಂದೆ ಕೋಚಿಂಗ್, ಅಂಪೈರಿಂಗ್ ದಾರೀನೂ ಇದೆ.

ಡಾಕ್ಟರ್ ಹತ್ರ ಹೋಗಿದಾನೆ, ರಾತ್ರಿ ಊಟ ಶುರುವಾಗಿದೆ. ಬೆಳಗಿನ ತಿಂಡಿಗೆ ಇನ್ನೂ ಹಟ. ಮುಂದಿನ ಭೇಟಿಗೆ ಕೋಚನ್ನೂ ಕರೆದಿದೀನಿ.